ಬಿಗಿ ಹಿಡಿಯುವ ಮೊದಲು ಸಡಿಲ ಬಿಡಲು ಕಲಿಯಿರಿ: ಗಂಡಸರಿಗೆ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ

"ಗಂಡಸರೂ ಕೆಗೆಲ್ ವ್ಯಾಯಾಮ ಮಾಡಬಹುದಂತೆ, ಹೌದಾ? ಹೇಗೆ ಮಾಡೋದು ಹೇಳಿ." ಫಿಸಿಯೋಥೆರಪಿಸ್ಟ್ ಆಗಿರುವ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೆಗೆಲ್ ಅಂದರೆ ಸೊಂಟದ ತಳದ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ. ಪ್ರಶ್ನೆ ಒಂದೇ, ಆದರೆ ಕೇಳುವವರ ತೊಂದರೆ ಒಬ್ಬೊಬ್ಬರದು ಒಂದೊಂದು. ಒಬ್ಬರಿಗೆ ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿಯ, ಆಪರೇಷನ್ ಆದ ಮೇಲೆ ಕೆಮ್ಮಿದರೆ ಮೂತ್ರ ಸೋರುತ್ತದೆ. ಇನ್ನೊಬ್ಬರು ಮೂತ್ರ ಮಾಡಿ, ಜಿಪ್ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತ ಮೇಲೆ ಎರಡು ಹನಿ ಇಳಿದು ಪ್ಯಾಂಟ್ ಮೇಲೆ ಕಲೆ ಮೂಡುತ್ತದೆ. ಮತ್ತೊಬ್ಬರಿಗೆ ಕೂತರೆ ಸಾಕು, ವೃಷಣದ ಹಿಂಭಾಗದಲ್ಲಿ ನೋವು. ಎಲ್ಲ ಟೆಸ್ಟ್ ಮಾಡಿಸಿದರೂ ರಿಪೋರ್ಟ್ ನಾರ್ಮಲ್.

ಈ ಮೂವರಿಗೂ ಒಂದೇ ವ್ಯಾಯಾಮ ಹೇಳಿದರೆ ಮೊದಲಿಬ್ಬರಿಗೆ ಉಪಯೋಗ ಆಗಬಹುದು. ಮೂರನೆಯವರಿಗೆ ನೋವು ಜಾಸ್ತಿ ಆಗುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ದಯವಿಟ್ಟು ಈ ಲೇಖನವನ್ನು ಮೊದಲಿನಿಂದ ಓದಿ. ನೇರವಾಗಿ ವ್ಯಾಯಾಮದ ಭಾಗಕ್ಕೆ ಹಾರಬೇಡಿ.

ಪೆಲ್ವಿಕ್ ಫ್ಲೋರ್ ಅಂದರೆ ಏನು?

ಸೊಂಟದ ಎಲುಬುಗೂಡಿನ ತಳದಲ್ಲಿರುವ ಸ್ನಾಯುಗಳ ಗುಂಪು. ಮುಂದೆ ಜನನಾಂಗದ ಮೇಲ್ಗಡೆ ಇರುವ ಮೂಳೆಯಿಂದ ಹಿಂದೆ ಬೆನ್ನೆಲುಬಿನ ತುದಿಯವರೆಗೆ ಇವು ಜೋಲಿ ಕಟ್ಟಿದ ಹಾಗೆ ಹರಡಿವೆ. ಮೂತ್ರಕೋಶ, ಪ್ರಾಸ್ಟೇಟ್ ಗ್ರಂಥಿ, ಕರುಳಿನ ಕೊನೆಯ ಭಾಗ ಎಲ್ಲವೂ ಈ ಜೋಲಿಯ ಮೇಲೆ ಕೂತಿವೆ. ಮೂತ್ರನಾಳ ಮತ್ತು ಗುದದ್ವಾರ ಇದರ ಮೂಲಕವೇ ಹಾದು ಹೋಗುತ್ತವೆ. ಸ್ನಾಯು ಬಿಗಿಯಾದರೆ ದಾರಿ ಮುಚ್ಚುತ್ತದೆ, ಸಡಿಲವಾದರೆ ತೆರೆಯುತ್ತದೆ. ನಿಮಿರುವಿಕೆಯ ಹೊತ್ತಿಗೆ ಶಿಶ್ನದೊಳಗೆ ರಕ್ತ ಹಿಡಿದಿಡಲು ನೆರವಾಗುವುದೂ, ವೀರ್ಯವನ್ನು ಹೊರಗೆ ಚಿಮ್ಮಿಸುವುದೂ ಇದೇ ಗುಂಪಿನ ಸ್ನಾಯುಗಳು.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದದ್ದು ಹೆಂಗಸರಿಗಾಗಿ. ಹಾಗಾಗಿ ಇದು ಹೆರಿಗೆ ಆದವರಿಗೆ ಮಾತ್ರ ಅನ್ನುವ ನಂಬಿಕೆ ಇಂದಿಗೂ ಹೋಗಿಲ್ಲ. ಸ್ನಾಯು ಎಲ್ಲರಿಗೂ ಇದೆ, ಅಲ್ವಾ? ತೊಂದರೆಯೂ ಎಲ್ಲರಿಗೂ ಬರಬಹುದು.

ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾದವರು

ಕೆಳಗಿನ ಯಾವುದೇ ಲಕ್ಷಣ ಇದ್ದರೆ ವ್ಯಾಯಾಮದ ಯೋಚನೆ ಪಕ್ಕಕ್ಕಿಡಿ.

- ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ
- ಜ್ವರ, ಚಳಿಯ ಜೊತೆಗೆ ಉರಿಮೂತ್ರ
- ಮೂತ್ರಕೋಶ ತುಂಬಿದ್ದರೂ ಮೂತ್ರ ಬರದೇ ಇರುವುದು
- ವೃಷಣದಲ್ಲಿ ಗಂಟು, ಅಥವಾ ದಿಢೀರನೆ ಶುರುವಾದ ತೀವ್ರ ನೋವು
- ತೊಡೆಸಂದು, ಗುದದ್ವಾರದ ಸುತ್ತ ಜೋಮು ಹಿಡಿದ ಹಾಗಾಗಿ ಕಾಲಿನ ಬಲ ಕಡಿಮೆಯಾಗುವುದು, ಮಲಮೂತ್ರದ ಹಿಡಿತ ತಪ್ಪುವುದು

ಮೂತ್ರ ಕಟ್ಟಿಕೊಂಡರೆ, ವೃಷಣ ದಿಢೀರನೆ ನೋಯತೊಡಗಿದರೆ, ಅಥವಾ ಕೊನೆಯಲ್ಲಿ ಹೇಳಿದ ಜೋಮು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಉರಿಮೂತ್ರಕ್ಕೆ ಜ್ವರ, ಚಳಿ ಜೊತೆಯಾಗಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ನಿಮಿರುವಿಕೆಯ ತೊಂದರೆ ಹೊಸದಾಗಿ ಶುರುವಾಗಿದ್ದರೆ ಸಕ್ಕರೆ, ಬಿಪಿ ಮತ್ತು ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ರಕ್ತನಾಳದ ಕಾಯಿಲೆ ಕೆಲವರಲ್ಲಿ ಮೊದಲು ತಲೆ ಹಾಕುವುದು ಅಲ್ಲೇ.

ಹಂತ 1: ನಿಮ್ಮದು ಯಾವ ಬಗೆ, ನೋಡಿಕೊಳ್ಳಿ

ಈ ಸ್ನಾಯುಗಳು ಎರಡು ರೀತಿಯಲ್ಲಿ ಕೆಡುತ್ತವೆ. ಬಲ ಕಳೆದುಕೊಳ್ಳುವುದು ಒಂದು. ಸದಾ ಬಿಗಿದುಕೊಂಡೇ ಇರುವುದು ಇನ್ನೊಂದು. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇದೊಂದೇ.

ಬಲ ಕಡಿಮೆಯಾದವರಿಗೆ ಕೆಮ್ಮುವಾಗ, ಸೀನುವಾಗ, ಭಾರ ಎತ್ತುವಾಗ, ಕುರ್ಚಿಯಿಂದ ಏಳುವಾಗ ಮೂತ್ರ ಸೋರುತ್ತದೆ. ಗ್ಯಾಸ್ ತಡೆದುಕೊಳ್ಳಲು ಆಗುವುದಿಲ್ಲ. ಮೂತ್ರ ಮಾಡಿದ ಮೇಲೂ ಹನಿ ಬೀಳುತ್ತದೆ.

ಬಿಗಿದುಕೊಂಡವರ ಕಥೆ ಬೇರೆ. ಮೂತ್ರಕ್ಕೆ ನಿಂತರೆ ಶುರುವಾಗಲು ಹೊತ್ತು ಹಿಡಿಯುತ್ತದೆ, ಧಾರೆ ತಡೆದು ತಡೆದು ಬರುತ್ತದೆ, ಪೂರ್ತಿ ಖಾಲಿಯಾಯಿತು ಅನಿಸುವುದೇ ಇಲ್ಲ. ಕೂತರೆ ನೋವು, ವೀರ್ಯ ಹೋದ ಮೇಲೆ ನೋವು, ಮಲ ವಿಸರ್ಜನೆಗೆ ತಿಣುಕಾಟ. ಇಲ್ಲೊಂದು ಎಚ್ಚರಿಕೆ: ಪ್ರಾಸ್ಟೇಟ್ ಗ್ರಂಥಿ ದಪ್ಪವಾದಾಗಲೂ ಮೂತ್ರದ ಧಾರೆ ಹೀಗೇ ಸಣ್ಣಗಾಗುತ್ತದೆ. ಆದ್ದರಿಂದ ಒಮ್ಮೆ ಯೂರಾಲಜಿಸ್ಟ್, ಅಂದರೆ ಮೂತ್ರಾಂಗ ತಜ್ಞರಿಗೆ ತೋರಿಸಿದ ಮೇಲೆಯೇ "ನನ್ನದು ಸ್ನಾಯುವಿನ ತೊಂದರೆ" ಅಂದುಕೊಳ್ಳಿ.

ಎರಡೂ ಒಟ್ಟಿಗೆ ಇರಬಹುದು. ಇಡೀ ದಿನ ಮುಷ್ಟಿ ಹಿಡಿದ ಕೈಗೆ ಸಂಜೆ ಒಂದು ಕೊಡ ಎತ್ತಲು ಹೇಳಿದರೆ ಸೋಲುತ್ತದೆ. ಬಿಗಿದುಕೊಂಡೇ ಇರುವ ಸ್ನಾಯುವೂ ಹಾಗೆಯೇ, ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಇಂಥವರು ಬರೀ ಬಿಗಿ ಹಿಡಿಯುವ ವ್ಯಾಯಾಮ ಮಾಡಿದರೆ ಮುಷ್ಟಿ ಇನ್ನಷ್ಟು ಬಿಗಿಯುತ್ತದೆ, ಅಷ್ಟೆ.

ಹಂತ 2: ಮೂರು ದಿನ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್, ಮಿಲಿಲೀಟರ್ ಗುರುತಿರುವ ಒಂದು ಹಳೆಯ ಜಗ್ ಸಾಕು. ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಎಷ್ಟು ಮೂತ್ರ ಹೋಯಿತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ ಎಂದು ಮೂರು ದಿನ ಬರೆಯಿರಿ. ಇದಕ್ಕೆ ಬ್ಲ್ಯಾಡರ್ ಡೈರಿ ಅನ್ನುತ್ತಾರೆ.

ಸಾಮಾನ್ಯವಾಗಿ ಮೂತ್ರಕೋಶ ಒಂದು ಸಲಕ್ಕೆ 300ರಿಂದ 400 ಮಿ.ಲೀ. ಹಿಡಿಯುತ್ತದೆ. ಹಗಲು ಏಳೆಂಟು ಸಲ, ರಾತ್ರಿ ಹೆಚ್ಚೆಂದರೆ ಒಂದು ಸಲ ಹೋಗುವುದು ಸಹಜ. ನೀವು ಬರೆದದ್ದರಲ್ಲಿ 80, 100, 90 ಅಂತಲೇ ಕಂಡರೆ ಮೂತ್ರಕೋಶ ತುಂಬುವ ಮೊದಲೇ ಓಡುತ್ತಿದ್ದೀರಿ ಎಂದರ್ಥ. "ಯಾವುದಕ್ಕೂ ಇರಲಿ" ಅಂತ ಹೊರಡುವ ಮುಂಚೆ ಒಂದು ಸಲ, ತಲುಪಿದ ಕೂಡಲೇ ಒಂದು ಸಲ ಹೋಗುವ ಅಭ್ಯಾಸ ಇದಕ್ಕೆ ದೊಡ್ಡ ಕಾರಣ.

ಪ್ಯಾಡ್ ಬಳಸುವವರು ಒಣ ಪ್ಯಾಡಿನ ತೂಕ, ಬದಲಾಯಿಸಿದ ಪ್ಯಾಡಿನ ತೂಕ ನೋಡಿ ವ್ಯತ್ಯಾಸ ಬರೆದುಕೊಳ್ಳಿ. ಒಂದು ಗ್ರಾಂ ಅಂದರೆ ಸುಮಾರು ಒಂದು ಮಿ.ಲೀ. ಮುಂದೆ ಸುಧಾರಣೆ ಆಗುತ್ತಿದೆಯೋ ಇಲ್ಲವೋ ಎಂದು ಮನಸ್ಸು ಅನುಮಾನ ಪಡುವ ದಿನ ಬಂದೇ ಬರುತ್ತದೆ. ಆ ದಿನ ಈ ಲೆಕ್ಕ ನಿಮ್ಮ ಕೈಹಿಡಿಯುತ್ತದೆ.

ಸೋರುತ್ತದೆ ಅಂತ ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲವೂ ಗಟ್ಟಿಯಾಗುತ್ತದೆ.

ಹಂತ 3: ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಏನು ನಡೆಯುತ್ತದೆ?

ಎಷ್ಟೋ ಜನ ತಿಂಗಳುಗಟ್ಟಲೆ ಮುಂದೂಡುವುದು ಈ ಭಯಕ್ಕೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಫೋನ್ ಮಾಡಿದಾಗಲೇ "ಪೆಲ್ವಿಕ್ ಫ್ಲೋರ್ ತೊಂದರೆಗೆ ಗಂಡಸರನ್ನೂ ನೋಡುತ್ತೀರಾ?" ಎಂದು ಕೇಳಿ. ಈ ವಿಷಯದಲ್ಲಿ ಪ್ರತ್ಯೇಕ ತರಬೇತಿ ಆದವರೇ ಬೇಕು. ಮೊದಲ ಭೇಟಿಯ ಹೆಚ್ಚಿನ ಹೊತ್ತು ಮಾತಿನಲ್ಲೇ ಹೋಗುತ್ತದೆ. ಮೂತ್ರ, ಮಲ, ನೋವು, ಲೈಂಗಿಕ ಜೀವನ, ಆಪರೇಷನ್, ಮಾತ್ರೆ, ಕೂತು ಮಾಡುವ ಕೆಲಸವೋ ಭಾರ ಎತ್ತುವ ಕೆಲಸವೋ ಎಂದೆಲ್ಲ ಕೇಳುತ್ತಾರೆ. ಡೈರಿ ಕೊಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ನೀವು ನಿಲ್ಲುವ ರೀತಿ, ಉಸಿರಾಡುವ ರೀತಿ, ಹೊಟ್ಟೆ, ಸೊಂಟ, ತೊಡೆಯ ಸ್ನಾಯು ನೋಡುತ್ತಾರೆ. ಪೆಲ್ವಿಕ್ ಫ್ಲೋರನ್ನು ಹೊರಗಿನಿಂದ ಮುಟ್ಟಿ ನೋಡಬಹುದು, ಅಥವಾ ಅಲ್ಟ್ರಾಸೌಂಡ್ ಪರದೆಯ ಮೇಲೆ ಸ್ನಾಯು ಏರಿಳಿಯುವುದನ್ನು ನಿಮಗೇ ತೋರಿಸಬಹುದು. ಅಗತ್ಯ ಬಿದ್ದರೆ, ಗ್ಲೌಸ್ ಹಾಕಿದ ಒಂದು ಬೆರಳಿನಿಂದ ಗುದದ್ವಾರದ ಒಳಗಡೆ ಪರೀಕ್ಷೆ ಮಾಡುತ್ತಾರೆ. ಸ್ನಾಯುವಿನ ಬಲವೆಷ್ಟು, ಎಲ್ಲಿ ಮುಟ್ಟಿದರೆ ನಿಮ್ಮ ಅದೇ ನೋವು ಬರುತ್ತದೆ, ಬಿಗಿ ಹಿಡಿದ ಮೇಲೆ ಪೂರ್ತಿ ಸಡಿಲವಾಗುತ್ತದೋ ಇಲ್ಲವೋ ಎಂದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಆದರೆ ನೀವು ಒಪ್ಪಿದರೆ ಮಾತ್ರ. ಬೇಡ ಅನ್ನಬಹುದು, ಇವತ್ತು ಬೇಡ ಅನ್ನಬಹುದು, ನಡುವೆ ನಿಲ್ಲಿಸಿ ಅನ್ನಬಹುದು. ಜೊತೆಗೆ ಒಬ್ಬರು ಇರಲಿ ಅಂತಲೂ ಕೇಳಬಹುದು. ಯಾಕೆ ಮಾಡುತ್ತೇವೆ ಎಂದು ವಿವರಿಸದೆ, ಒಪ್ಪಿಗೆ ಕೇಳದೆ ಯಾರಾದರೂ ಮುಂದುವರಿದರೆ ಎದ್ದು ಬನ್ನಿ.

ಬಯೋಫೀಡ್‌ಬ್ಯಾಕ್ ಎಂಬ ಮಾತೂ ಕಿವಿಗೆ ಬೀಳಬಹುದು. ಸ್ನಾಯುವಿನ ಚಟುವಟಿಕೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ ಅದು. ಸ್ನಾಯು ಎಲ್ಲಿದೆ ಎಂದೇ ಗೊತ್ತಾಗದವರಿಗೆ ಒಳ್ಳೆಯ ಸಹಾಯ.

ಹಂತ 4: ಸರಿಯಾದ ಸ್ನಾಯು ಪತ್ತೆ ಮಾಡಿ

ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೂರಿ. ಹೊಟ್ಟೆ, ತೊಡೆ, ದವಡೆ ಸಡಿಲ ಬಿಡಿ. ಈಗ ಮೂತ್ರದ ಧಾರೆಯನ್ನು ಅರ್ಧಕ್ಕೆ ನಿಲ್ಲಿಸುವ ಹಾಗೆ ಮನಸ್ಸಿನಲ್ಲೇ ಯೋಚಿಸಿ. ಶಿಶ್ನವನ್ನು ಒಳಗೆಳೆದು ಗಿಡ್ಡ ಮಾಡುವ ಹಾಗೆ, ವೃಷಣವನ್ನು ಮೇಲಕ್ಕೆತ್ತುವ ಹಾಗೆ ನಿಧಾನಕ್ಕೆ ಪ್ರಯತ್ನಿಸಿ. ಕನ್ನಡಿ ಹಿಡಿದು ನೋಡಿದರೆ ಶಿಶ್ನದ ಬುಡ ಸ್ವಲ್ಪ ಒಳಗೆ ಸರಿಯುತ್ತದೆ, ವೃಷಣ ತುಸು ಏರುತ್ತದೆ. ತುಂಬಾ ಸಣ್ಣ ಚಲನೆ. ಹೊರಗಿನವರಿಗೆ ಏನೂ ಕಾಣಬಾರದು.

ಬರೀ ಗ್ಯಾಸ್ ತಡೆಯುವ ಹಾಗೆ ಮಾಡಿದರೆ ಹಿಂಭಾಗದ ಸ್ನಾಯುವೇ ಹೆಚ್ಚು ಕೆಲಸ ಮಾಡುತ್ತದೆ. ಮೂತ್ರ ಸೋರುವವರಿಗೆ ಬೇಕಾಗಿರುವುದು ಮುಂಭಾಗ. ಎಷ್ಟೋ ಜನ ತಿಂಗಳುಗಟ್ಟಲೆ ಮಾಡಿದರೂ ಫಲ ಕಾಣದಿರುವುದು ಇಲ್ಲಿಯೇ.

ಬಾಕಿ ತಪ್ಪುಗಳನ್ನು ನಾನು ದಿನಾ ನೋಡುತ್ತೇನೆ. "ಬಿಗಿ ಹಿಡಿಯಿರಿ" ಅಂದ ತಕ್ಷಣ ಎದುರಿಗೆ ಮಲಗಿದವರ ಕೆನ್ನೆ ಉಬ್ಬುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಪೃಷ್ಠ ಎರಡೂ ಕಲ್ಲಾಗಿ ಸೊಂಟವೇ ಮಂಚದಿಂದ ಮೇಲೇಳುತ್ತದೆ. ಎಲ್ಲ ಬಿಗಿಯುತ್ತದೆ, ಬೇಕಾದ್ದೊಂದು ಬಿಟ್ಟು! ಹೀಗಾದರೆ ಪ್ರಯತ್ನವನ್ನು ಕಾಲು ಭಾಗಕ್ಕೆ ಇಳಿಸಿ. ಉಸಿರು ನಿಂತಿದೆಯಾ ಎಂದು ನೋಡಲು ಜೋರಾಗಿ ಐದರವರೆಗೆ ಎಣಿಸಿ. ಮಾತಾಡಲು ಆದರೆ ಉಸಿರು ನಡೆಯುತ್ತಿದೆ ಎಂದರ್ಥ. ಕೆಳಕ್ಕೆ ತಿಣುಕುತ್ತಿದ್ದೀರಿ ಅನಿಸಿದರೆ ಕೂಡಲೇ ನಿಲ್ಲಿಸಿ. ಚಲನೆ ಮೇಲಕ್ಕೆ, ಒಳಕ್ಕೆ ಇರಬೇಕು.

ನಿಜವಾಗಿ ಮೂತ್ರ ಮಾಡುವಾಗ ಧಾರೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗುವ ಕ್ರಮ ಅದರಿಂದ ಕೆಡುತ್ತದೆ.

ಹಂತ 5: ಸಡಿಲ ಬಿಡುವುದು

ಬಲ ಕಡಿಮೆ ಇರುವವರೂ ಇದನ್ನು ಬಿಡಬೇಡಿ. ನೋವಿರುವವರಿಗಂತೂ ಮೊದಲ ಕೆಲವು ವಾರ ಇದೇ ವ್ಯಾಯಾಮ.

ಉಸಿರು ಎಳೆದುಕೊಂಡಾಗ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇರುವ ಸ್ನಾಯುವಿನ ಪರದೆ, ಕೆಳಗಿಳಿಯುತ್ತದೆ. ಅದರ ಜೊತೆಗೇ ಪೆಲ್ವಿಕ್ ಫ್ಲೋರ್ ಕೂಡ ಕೆಳಗಿಳಿದು ಸಡಿಲವಾಗುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇರುತ್ತವೆ. ಎದೆಯಲ್ಲೇ ಮೇಲೆ ಮೇಲೆ ಉಸಿರಾಡುತ್ತಾ, ಹೊಟ್ಟೆ ಒಳಗೆಳೆದುಕೊಂಡು ದಿನ ಕಳೆಯುವವರಲ್ಲಿ ಈ ಏರಿಳಿತ ನಿಂತೇ ಹೋಗಿರುತ್ತದೆ.

ಅದೇ ರೀತಿ ಮಲಗಿ, ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಡಿ. ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಕೆಳಗಿನ ಕೈ ಏರಲಿ. ಉಸಿರು ಒಳಗಿಳಿದಂತೆ ವೃಷಣ ಮತ್ತು ಗುದದ್ವಾರದ ನಡುವಿನ ಜಾಗ ಅಗಲವಾಗುತ್ತಿದೆ ಎಂದು ಗಮನಿಸಿ. ತಿಣುಕಬೇಡಿ, ಸುಮ್ನೆ ಬಿಡಿ. ಮೂತ್ರ ಶುರುವಾಗುವ ಆ ಕ್ಷಣದಲ್ಲಿ ಒಳಗೆ ಹೇಗೆ ಬಿಟ್ಟುಕೊಳ್ಳುತ್ತದೆ, ಆ ಅನುಭವ ನೆನಪಿಸಿಕೊಳ್ಳಿ. ಐದು ನಿಮಿಷ, ದಿನಕ್ಕೆ ಎರಡು ಸಲ.

ಇದು ಹದಕ್ಕೆ ಬಂದ ಮೇಲೆ ಮಲಗಿಯೇ ಎರಡೂ ಮೊಣಕಾಲನ್ನು ಎದೆಯ ಕಡೆಗೆ ಎಳೆದು, ಅಗಲಿಸಿ ಒಂದು ನಿಮಿಷ ಹಿಡಿಯಿರಿ. ಮೊಣಕಾಲೂರಿ, ಹಿಮ್ಮಡಿಯ ಮೇಲೆ ಕೂತು ಮುಂದಕ್ಕೆ ಬಾಗಿ ಹಣೆ ನೆಲಕ್ಕೆ ತಾಗಿಸುವ ಭಂಗಿಯೂ ಒಳ್ಳೆಯದು. ಬಿಸಿನೀರಿನ ಸ್ನಾನದ ನಂತರ ಮಾಡಿದರೆ ಸ್ನಾಯು ಬೇಗ ಮಾತು ಕೇಳುತ್ತದೆ.

ಹಗಲಿನಲ್ಲಿ ಆಗಾಗ ನಿಮ್ಮನ್ನೇ ಪರೀಕ್ಷಿಸಿ. ಟ್ರಾಫಿಕ್‌ನಲ್ಲಿ, ಮೀಟಿಂಗ್‌ನಲ್ಲಿ, ಫೋನ್ ನೋಡುವಾಗ ಹಲ್ಲು ಕಚ್ಚಿದ್ದೀರಾ? ಕೆಳಗೂ ಬಿಗಿ ಹಿಡಿದಿರುವ ಸಾಧ್ಯತೆ ಇದೆ. ಬಿಟ್ಟುಬಿಡಿ.

ಹಂತ 6: ಬಲ ಬೆಳೆಸುವುದು

ನೋವು ಇಲ್ಲದವರು, ಪೂರ್ತಿ ಸಡಿಲ ಬಿಡಲು ಬರುವವರು ಮಾತ್ರ ಇಲ್ಲಿಗೆ ಬನ್ನಿ.

ಮೊದಲು ನಿಮ್ಮ ಅಳತೆ ಕಂಡುಕೊಳ್ಳಿ. ಬಿಗಿ ಹಿಡಿದು ಉಸಿರಾಡುತ್ತಾ ಎಣಿಸಿ. ಹಿಡಿತ ಜಾರಿದ ಸೆಕೆಂಡು ಎಷ್ಟು? ನಾಲ್ಕು ಅಂದುಕೊಳ್ಳಿ. ಅಂಥದ್ದು ಎಷ್ಟು ಸಲ ಮಾಡಿದ ಮೇಲೆ ಸುಸ್ತಾಯಿತು? ಆರು ಅಂದುಕೊಳ್ಳಿ. ಹಾಗಾದರೆ ನಿಮ್ಮ ಪಾಠ: ನಾಲ್ಕು ಸೆಕೆಂಡು ಹಿಡಿತ, ನಾಲ್ಕರಿಂದ ಎಂಟು ಸೆಕೆಂಡು ಪೂರ್ತಿ ವಿಶ್ರಾಂತಿ, ಆರು ಸಲ. ಅದರ ನಂತರ ಥಟ್ಟನೆ ಹಿಡಿದು ಥಟ್ಟನೆ ಬಿಡುವುದು ಹತ್ತು ಸಲ. ದಿನಕ್ಕೆ ಮೂರು ಹೊತ್ತು. ವಾರ ಕಳೆದಂತೆ ಒಂದೊಂದೇ ಸೆಕೆಂಡು ಏರಿಸಿ ಹತ್ತು ಸೆಕೆಂಡಿನ ಹಿಡಿತ ಹತ್ತು ಸಲ ಮಾಡುವ ಮಟ್ಟಕ್ಕೆ ಬನ್ನಿ. ಮಲಗಿ ಸುಲಭವಾದರೆ ಕೂತು ಮಾಡಿ, ಆಮೇಲೆ ನಿಂತು. ಸೋರುವುದು ನಿಂತಾಗಲೇ ತಾನೇ, ಕೊನೆಗೆ ನಿಂತೇ ಕಲಿಯಬೇಕು.

ದಿನಕ್ಕೆ ಇನ್ನೂರು, ಮುನ್ನೂರು ಸಲ ಮಾಡಿ ಸಂಜೆಗೆ ಸೋರಿಕೆ ಜಾಸ್ತಿಯಾಯಿತು ಅಂತ ಬರುವವರಿದ್ದಾರೆ. ದಣಿದ ಸ್ನಾಯು ಹಿಡಿಯುವುದಿಲ್ಲ. ವ್ಯಾಯಾಮದಿಂದ ನೋವು, ಉರಿ, ಮೂತ್ರದ ಅವಸರ ಹೆಚ್ಚಾದರೆ ನಿಲ್ಲಿಸಿ, ಹಂತ 5ಕ್ಕೆ ಹಿಂದಿರುಗಿ.

ಹಂತ 7: ದಿನದ ಕೆಲಸಕ್ಕೆ ಜೋಡಿಸಿ

ಕೆಮ್ಮುವ, ಸೀನುವ, ಏಳುವ, ಭಾರ ಎತ್ತುವ ಒಂದು ಗಳಿಗೆ ಮೊದಲು ಬಿಗಿ ಹಿಡಿಯಿರಿ, ಮುಗಿದ ಮೇಲೆ ಬಿಡಿ. ಮೊದಮೊದಲು ಮರೆತುಹೋಗುತ್ತದೆ. ಕುರ್ಚಿಯಿಂದ ಏಳುವುದೊಂದನ್ನೇ ಹಿಡಿದುಕೊಂಡು ಅಭ್ಯಾಸ ಮಾಡಿ.

ಇದ್ದಕ್ಕಿದ್ದಂತೆ ಅವಸರ ಬಂದಾಗ ಓಡಬೇಡಿ. ನಿಲ್ಲಿ ಅಥವಾ ಕೂರಿ, ನಾಲ್ಕೈದು ಸಲ ಥಟ್ಟನೆ ಬಿಗಿ ಹಿಡಿದು ಬಿಡಿ, ನಿಧಾನಕ್ಕೆ ಉಸಿರಾಡಿ. ಅವಸರ ಅಲೆಯ ಹಾಗೆ ಬಂದು ಇಳಿಯುತ್ತದೆ. ಇಳಿದ ಮೇಲೆ ನಡೆದು ಹೋಗಿ. ಕಾಫಿ, ಟೀ ಜಾಸ್ತಿ ಇದ್ದರೆ ಕಡಿಮೆ ಮಾಡಿ ನೋಡಿ.

ಮೂತ್ರದ ನಂತರ ಹನಿ ಬೀಳುವವರಿಗೆ ಒಂದು ಸುಲಭ ಉಪಾಯ. ಮೂತ್ರನಾಳದ ಬಾಗಿದ ಭಾಗ ವೃಷಣಚೀಲದ ಹಿಂದೆ ಇದೆ, ಅಲ್ಲಿ ಸ್ವಲ್ಪ ಮೂತ್ರ ಉಳಿದುಬಿಡುತ್ತದೆ. ಮೂತ್ರ ಮಾಡಿದ ಮೇಲೆ ಒಮ್ಮೆ ಬಿಗಿ ಹಿಡಿದು ಬಿಡಿ. ನಂತರ ಮೂರು ಬೆರಳನ್ನು ವೃಷಣಚೀಲದ ಹಿಂದೆ ಇಟ್ಟು, ಮೇಲಕ್ಕೆ ಮೆಲ್ಲಗೆ ಒತ್ತುತ್ತಾ ಶಿಶ್ನದ ಬುಡದ ಕಡೆಗೆ ಸವರಿ. ಎರಡು ಮೂರು ಸಲ ಮಾಡಿದರೆ ಉಳಿದದ್ದು ಅಲ್ಲೇ ಹೊರಬರುತ್ತದೆ. ಸುಮ್ಮನೆ ಕೊಡವಿದರೆ ಇದು ಬರುವುದಿಲ್ಲ.

ಮಲಬದ್ಧತೆ ಇದ್ದವರು ಕಮೋಡ್ ಮೇಲೆ ಕೂತಾಗ ಪಾದದ ಕೆಳಗೆ ಒಂದು ಸಣ್ಣ ಸ್ಟೂಲ್ ಇಟ್ಟುಕೊಳ್ಳಿ. ಮೊಣಕಾಲು ಸೊಂಟಕ್ಕಿಂತ ಮೇಲಿರಲಿ, ಮೊಣಕೈ ಮೊಣಕಾಲ ಮೇಲಿರಲಿ. ಉಸಿರು ಕಟ್ಟಿ ತಿಣುಕಬೇಡಿ. ವರ್ಷಗಟ್ಟಲೆ ತಿಣುಕಿದರೆ ಈ ಜೋಲಿಯೇ ಜಗ್ಗುತ್ತದೆ.

ಪ್ರಾಸ್ಟೇಟ್ ಆಪರೇಷನ್ ಆದವರಿಗೆ

ಕ್ಯಾನ್ಸರ್‌ಗಾಗಿ ಪ್ರಾಸ್ಟೇಟ್ ತೆಗೆದಾಗ ಮೂತ್ರಕೋಶದ ಬಾಯಿಯ ಬಳಿ ಇದ್ದ ತಡೆಯ ಒಂದು ಭಾಗವೂ ಹೋಗುತ್ತದೆ. ಅಲ್ಲಿಯವರೆಗೆ ಇಬ್ಬರು ಕಾಯುತ್ತಿದ್ದ ಬಾಗಿಲನ್ನು ಇನ್ನು ಹೊರಗಿನ ಸ್ನಾಯು ಒಬ್ಬನೇ ಕಾಯಬೇಕು. ಅದಕ್ಕೇ ಸೋರುತ್ತದೆ. ನಿಮ್ಮ ತಪ್ಪೂ ಅಲ್ಲ, ಆಪರೇಷನ್ ಕೆಟ್ಟಿತು ಎಂದೂ ಅರ್ಥವಲ್ಲ.

ಸಾಧ್ಯವಾದರೆ ಆಪರೇಷನ್‌ಗೆ ಕೆಲವು ವಾರ ಮೊದಲೇ ಹಂತ 4 ಕಲಿತಿಡಿ. ನೋವು, ಹೊಲಿಗೆ, ಆತಂಕದ ನಡುವೆ ಹೊಸದಾಗಿ ಕಲಿಯುವುದು ಕಷ್ಟ. ಕ್ಯಾಥೆಟರ್, ಅಂದರೆ ಮೂತ್ರದ ನಳಿಕೆ, ಇರುವಷ್ಟು ದಿನ ಬಿಗಿ ಹಿಡಿಯಬೇಡಿ. ತೆಗೆದ ಮೇಲೆ ಡಾಕ್ಟರ್ ಒಪ್ಪಿದರೆ ಮೆಲ್ಲಗೆ ಶುರು ಮಾಡಿ. ಸಾಮಾನ್ಯವಾಗಿ ರಾತ್ರಿಯ ಸೋರಿಕೆ ಮೊದಲು ನಿಲ್ಲುತ್ತದೆ. ಹಗಲಿನದು, ಅದರಲ್ಲೂ ಸಂಜೆ ದಣಿದಾಗಿನದು, ಕೊನೆಗೆ. ತಿಂಗಳುಗಳು ಹಿಡಿಯುತ್ತವೆ. ಒಂದು ವರ್ಷದವರೆಗೂ ಸುಧಾರಣೆ ನಡೆಯುತ್ತಲೇ ಇರುತ್ತದೆ. ಆಮೇಲೂ ಸೋರಿದರೆ ಬೇರೆ ಚಿಕಿತ್ಸೆಗಳಿವೆ, ಯೂರಾಲಜಿಸ್ಟ್ ಹತ್ತಿರ ಕೇಳಿ.

ನೋವಿರುವವರಿಗೆ

ಪ್ರಾಸ್ಟಟೈಟಿಸ್, ಅಂದರೆ ಪ್ರಾಸ್ಟೇಟ್ ಉರಿಯೂತ ಎಂದು ಹೆಸರು ಬಿದ್ದ ದೀರ್ಘಕಾಲದ ನೋವುಗಳಲ್ಲಿ ಬಹುಪಾಲಿಗೆ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಇದನ್ನು ಕ್ರಾನಿಕ್ ಪೆಲ್ವಿಕ್ ಪೇನ್ ಸಿಂಡ್ರೋಮ್ ಅನ್ನುತ್ತಾರೆ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ಆಂಟಿಬಯಾಟಿಕ್ ಕೋರ್ಸ್ ಮೇಲೆ ಕೋರ್ಸ್ ನಡೆಯುತ್ತಿದ್ದರೆ "ಸ್ನಾಯುವಿನ ಬಿಗಿತ ಇದೆಯಾ ನೋಡಬಹುದಾ?" ಎಂದು ಕೇಳಿ. ಫಿಸಿಯೋಥೆರಪಿಸ್ಟ್ ಆ ಬಿಗಿದ ಜಾಗಗಳನ್ನು ಕೈಯಿಂದಲೇ ಸಡಿಲಿಸುತ್ತಾರೆ, ಉಸಿರಾಟ ಕಲಿಸುತ್ತಾರೆ. ಬಹಳ ಹೊತ್ತು ಕೂರುವವರು ಅರ್ಧ ಗಂಟೆಗೊಮ್ಮೆ ಏಳಿ. ಸೈಕಲ್ ಹೊಡೆಯುವವರು ಸ್ವಲ್ಪ ದಿನ ಬಿಟ್ಟು ನೋಡಿ, ಸೀಟಿನ ಎತ್ತರ ಮತ್ತು ಓರೆ ಸರಿ ಮಾಡಿಸಿ. ಆ ಸೀಟು ಒತ್ತುವುದು ಇದೇ ಜಾಗದ ನರ, ಸ್ನಾಯುಗಳ ಮೇಲೆ.

ನೋವು ಒಂದು ದಿನ ಇಳಿದು ಮರುದಿನ ಏರುವುದು ಈ ತೊಂದರೆಯ ಸ್ವಭಾವ. ಏರಿದ ದಿನ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ವಾರದ ಲೆಕ್ಕ ನೋಡಿ.

ಎಷ್ಟು ದಿನ ಕಾಯಬೇಕು?

ಸ್ನಾಯುವಿನ ಬಲ ಬೆಳೆಯಲು ಮೂರು ತಿಂಗಳಾದರೂ ಬೇಕು. ನಿಮಿರುವಿಕೆ ಅಥವಾ ಶೀಘ್ರಸ್ಖಲನಕ್ಕಾಗಿ ಮಾಡುವವರಿಗೂ ಇದೇ ಮಾತು. ಕೆಲವರಿಗೆ ಚೆನ್ನಾಗಿ ಉಪಯೋಗವಾಗುತ್ತದೆ, ಎಲ್ಲರಿಗೂ ಆಗುತ್ತದೆ ಎಂದು ನಾನು ಹೇಳಲಾರೆ. ಹತ್ತು ದಿನದಲ್ಲಿ ಫಲ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ.

ಆರು ವಾರ ಬಿಡದೆ ಮಾಡಿದ ಮೇಲೆ ಮತ್ತೆ ಮೂರು ದಿನದ ಡೈರಿ ಬರೆದು, ಹಳೆಯದರ ಪಕ್ಕದಲ್ಲಿಡಿ. ಪ್ಯಾಡಿನ ತೂಕ, ಸೋರಿದ ಸಲ, ನೋವಿದ್ದ ದಿನ, ಇವುಗಳಲ್ಲಿ ಯಾವುದೂ ಕಡಿಮೆಯಾಗಿಲ್ಲ ಅಂದರೆ ಅದನ್ನೇ ಇನ್ನೂ ಜೋರಾಗಿ ಮಾಡಬೇಡಿ. ಎರಡೂ ಡೈರಿ ತೆಗೆದುಕೊಂಡು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, "ನಾನು ಮಾಡುತ್ತಿರುವುದು ಸರಿಯಿದೆಯಾ, ಒಮ್ಮೆ ನೋಡಿ" ಎಂದು ಕೇಳಿ.